ಸೈಮಿ ಹುಟ್ಟಿದ ಊರು

ರಾಸ್ಕು ಮನೆಯ ಸೈಮಿ ಬಾಯಿ ತೆರೆದರೆ ಬಡಗಣದ ಪೊಹ್ಯಾನ್ಮಾ ಬಯಲೇ ಮಾತಾಡಿದಂತೆ ಎಂದು ಆ ಸೀಮೆಯ ಜನ ಹೇಳುತ್ತಿದ್ದರು. ಗಟ್ಟಿ ದನಿ, ಮುಲಾಜಿಲ್ಲದ ಮಾತು, ಪ್ರತಿ ಮಾತಿನ ಕೊನೆಗೂ ಒಂದು ಎಳೆತ. ನದಿ ದಂಡೆಯ ಆ ಊರಿನಲ್ಲಿ ಮದುವೆಯ ಊಟಕ್ಕೆ ಮುಂಚೆ ನಾಲ್ಕು ಮಾತು ಆಡುವುದಕ್ಕೂ ಅವಳೇ ಬೇಕು, ಪಟ್ಟಣದಿಂದ ಬಂದ ಅಧಿಕಾರಿಯ ಬಾಯಿ ಮುಚ್ಚಿಸುವುದಕ್ಕೂ ಅವಳೇ ಬೇಕು. ಮೇ ತಿಂಗಳ ಒಂದು ಭಾನುವಾರ ಚರ್ಚಿನ ಅಂಗಳದ ಸ್ಮಾರಕದೆದುರು ಅಂತರ್ಯುದ್ಧದಲ್ಲಿ ಮಡಿದವರ ನೆನಪಿಗೆ ಪದ್ಯ ಓದುವವಳೂ ಅವಳೇ. ಆ ಕಲ್ಲಿನ ಮೇಲೆ ಹದಿನೇಳು ಹೆಸರು ಕೆತ್ತಿದ್ದರು. ಅದರಲ್ಲಿ ಒಂದು ವಿಲ್ಲೆ ರಾಸ್ಕು. ಆ ಮನೆಯ ಒಬ್ಬನೇ ಮಗ, ಹತ್ತೊಂಬತ್ತು ವರ್ಷಕ್ಕೆ ತೆಂಕಣದ ಗಿರಣಿ ಪಟ್ಟಣ ತಾಂಪೆರೆಯ ಬೀದಿಯಲ್ಲಿ ಗುಂಡು ತಿಂದು ಸತ್ತವನು.

ಸೈಮಿ ಹುಟ್ಟಿದ್ದು ಅದೇ ತಾಂಪೆರೆಯಲ್ಲಿ, ಗುಂಡಿನ ಆ ಕಡೆ ಇದ್ದವರ ಮನೆಯಲ್ಲಿ.

ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯಲ್ಲಿ ದೇಶ ಎರಡು ಹೋಳಾಗಿ ಕಾದಾಡಿತು. ತೆಂಕಣದ ಗಿರಣಿ ಊರುಗಳು ಕೂಲಿಕಾರರ ಪಡೆಯಾದ ಕೆಂಪರ ಪಾಲು, ಬಡಗಣ ಬಯಲು ಉಳ್ಳವರ, ರೈತರ ಪಡೆಯಾದ ಬಿಳಿಯರ ಪಾಲು. ಸೈಮಿಯ ಅಪ್ಪ ಬಾಡಿಗೆ ಗಾಡಿ ಹೊಡೆಯುತ್ತಿದ್ದವನು ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಹೋದ. ಊರು ಬಿಳಿಯರ ಕೈಸೇರಿದಾಗ ಸೆರೆ ಸಿಕ್ಕ. ಸೆರೆಯಾಳುಗಳ ಬಿಡಾರದಲ್ಲಿ ಹಸಿವಿನಿಂದಲೂ ರಕ್ತಭೇದಿಯಿಂದಲೂ ಜುಲೈ ಹೊತ್ತಿಗೆ ಸತ್ತ. ಹೆಂಡತಿ ಹುಲ್ಡಾ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವಳು. ಕೆಂಪನ ವಿಧವೆಗೆ ಗಿರಣಿಯ ಬಾಗಿಲು ಮುಚ್ಚಿತು. ಕಂಕುಳಲ್ಲಿ ಮೊಲೆಗೂಸು ಆರ್ಮಸ್, ಲಂಗದ ಅಂಚು ಹಿಡಿದು ನಿಂತ ಆರು ವರ್ಷದ ಸೈಮಿ. ಮರುವರ್ಷದ ವಸಂತದಲ್ಲಿ, ಸೈಮಿಗೆ ಏಳು ತುಂಬುವ ಹೊತ್ತಿಗೆ, ಬಡವರಿಗೆ ಹಿಟ್ಟು ಹಂಚುವ ಮಂಡಳಿಯವರು ಮನೆಗೆ ಬಂದರು. ಬಡಗಣದ ರೈತರ ಮನೆಗಳಲ್ಲಿ ರೊಟ್ಟಿಯಿದೆ, ಹಾಲಿದೆ, ದೊಡ್ಡವಳನ್ನು ಅಲ್ಲಿಗೆ ಕಳಿಸು, ಒಳ್ಳೆಯ ಮನೆತನದಲ್ಲಿ ಬೆಳೆದರೆ ಅಪ್ಪನ ಬುದ್ಧಿ ಬರುವುದಿಲ್ಲ ಎಂದರು. ಹುಲ್ಡಾ ಮೂರು ದಿನ ಯೋಚಿಸಿದಳು. ಮರದ ತೊಗಟೆ ಬೆರೆಸಿದ ರೊಟ್ಟಿ ತಿಂದು ಸೈಮಿಯ ಹೊಟ್ಟೆ ಉಬ್ಬಿಕೊಂಡಿತ್ತು. ನಾಲ್ಕನೆಯ ದಿನ ಅವಳ ತಲೆ ಬಾಚಿ ರೈಲಿಗೆ ಹತ್ತಿಸಿದಳು.

ಆ ರೈಲಿನಲ್ಲಿ ಇಪ್ಪತ್ಮೂರು ಮಕ್ಕಳಿದ್ದರು. ಪ್ರತಿಯೊಬ್ಬರ ಕೊರಳಲ್ಲೂ ಹೆಸರು ಬರೆದ ರಟ್ಟಿನ ಚೂರು. ಬಯಲಿನ ಆ ಊರಿನ ಸಭಾಮನೆಯಲ್ಲಿ ಅವರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದರು. ರೈತರು ಬಂದು ತೋಳು ಮುಟ್ಟಿ, ಹಲ್ಲು ನೋಡಿ ಆರಿಸಿಕೊಂಡರು. ರಾಸ್ಕು ಮನೆಯ ಯಜಮಾನಿ ಸಾನ್ನಾ ಸೈಮಿಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು.

“ಏನ್ ಹೆಸರವಾ ನಿಂದು?”

“ಸೈಮಿ.”

“ರೊಟ್ಟಿ ತಿಂತೀ?”

“ಕೊಟ್ರೆ ತಿಂತೀನಿ.”

ಸುತ್ತಲಿದ್ದವರು ನಕ್ಕರು. ಅವಳು ಹೇಳಿದ್ದಕ್ಕಲ್ಲ, ಹೇಳಿದ ಧಾಟಿಗೆ. ಆ ಸಭಾಮನೆಯಲ್ಲಿ ತೆಂಕಣದ ಮಾತು ಕೇಳಿ ಬಹಳ ದಿನವಾಗಿತ್ತು.

“ಈಕಿ ನನಗಿರ್ಲಿ,” ಎಂದಳು ಸಾನ್ನಾ.

ಅವಳ ಗಂಡ ಈಸಾಕ್ ಮನೆಯಲ್ಲಿ ಮಗನ ಪಟದ ಕೆಳಗೆ ಕೂತಿದ್ದ. “ವಿಲ್ಲೇನ ಕೊಂದವ್ರ ಕೂಸನ್ನ ತಂದು ನನ್ನ ಒಲಿ ಮುಂದ ಕುಂಡ್ರಸ್ತೀ?” ಎಂದ.

“ಕೂಸು ಯಾರನ್ನೂ ಕೊಂದಿಲ್ಲ,” ಎಂದು ಸಾನ್ನಾ ಸೈಮಿಯ ಬೂಟು ಬಿಚ್ಚತೊಡಗಿದಳು.

ಈಸಾಕ್ ಒಂದು ವರ್ಷ ಅವಳೊಡನೆ ಮಾತಾಡಲಿಲ್ಲ. ಆದರೆ ಊಟದ ಹೊತ್ತಿಗೆ ರೊಟ್ಟಿಯ ಬುಟ್ಟಿಯನ್ನು ಮೊಣಕೈಯಿಂದ ಅವಳ ಕಡೆ ತಳ್ಳುತ್ತಿದ್ದ, ಬೇರೆಲ್ಲೋ ನೋಡುತ್ತ.

ಶಾಲೆಯ ಮಕ್ಕಳು ಅವಳಿಗೆ ‘ಕೆಂಪಿ’ ಎಂದು ಹೆಸರಿಟ್ಟರು. “ಕೆಂಪಿ, ಕೆಂಪಿ, ನಿಮ್ಮಪ್ಪ ಎತ್ತ ಹೋದ?” ಎಂದು ಹಿಂದಿನಿಂದ ಕೂಗುವರು. ತನ್ನ ಕೂದಲಾಗಲಿ, ಮೂಗಾಗಲಿ ತನ್ನನ್ನು ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡುವುದು ನಾಲಗೆ ಎಂದು ಅವಳಿಗೆ ಬೇಗ ತಿಳಿಯಿತು. ಕೊಟ್ಟಿಗೆಗೆ ಹೋಗಿ ಹಸುಗಳ ಎದುರು ಊರಿನವರ ಮಾತನ್ನು ಉರು ಹಾಕಿದಳು. ಹಸುಗಳು ನಗುವುದಿಲ್ಲ. ಹತ್ತು ತುಂಬುವ ಹೊತ್ತಿಗೆ ಅವಳ ಬಾಯಲ್ಲಿ ತಾಂಪೆರೆಯ ಒಂದು ಸ್ವರವೂ ಉಳಿದಿರಲಿಲ್ಲ. ಹನ್ನೊಂದಕ್ಕೆ, ಬಿಳಿಯರು ಗೆದ್ದ ದಿನದ ಮೆರವಣಿಗೆಯಲ್ಲಿ, ಸ್ಮಾರಕದ ಮುಂದೆ ನಿಂತು ಪದ್ಯ ಓದಿದಳು. ಕೆಂಪಿ ಎಂದು ಕರೆಯುವವರು ಆಮೇಲೆ ಇರಲಿಲ್ಲ.

ಹುಲ್ಡಾಳ ಕಾಗದ ವರ್ಷಕ್ಕೆರಡು ಬರುತ್ತಿದ್ದವು. ಸಾನ್ನಾ ಅವನ್ನು ಗಟ್ಟಿಯಾಗಿ ಓದಿ, ಸೈಮಿಯ ಮುಂದೆ ಹಾಳೆ, ಪೆನ್ಸಿಲು ಇಡುವಳು. “ಬರಿ. ನಿಮ್ಮವ್ವ ದಾರಿ ನೋಡ್ತಿರ್ತಾಳ.” ಮೊದಮೊದಲು ಒಂದು ಪುಟ ಬರೆಯುತ್ತಿದ್ದಳು. ಆಮೇಲೆ ನಾಲ್ಕು ಸಾಲು. ಕೊನೆಗೆ ಹಾಳೆಯ ತುಂಬ ಕುದುರೆಯ ಚಿತ್ರ ಬರೆದು ಎದ್ದುಹೋಗುತ್ತಿದ್ದಳು. ಸಾನ್ನಾ ಆ ಕುದುರೆಯನ್ನೇ ಲಕೋಟೆಗೆ ಹಾಕಿ ಕಳಿಸುತ್ತಿದ್ದಳು.

ಸೈಮಿಗೆ ಹನ್ನೆರಡಾದ ಬೇಸಿಗೆಯಲ್ಲಿ ಹುಲ್ಡಾ ಬಂದಳು.

ಹುಲ್ಲು ಒಣಗಿಸುವ ಕಾಲ. ರಾಸ್ಕು ಹೊಲದಲ್ಲಿ ಅಕ್ಕಪಕ್ಕದ ಮನೆಯವರೂ ಸೇರಿ ಹದಿನಾಲ್ಕು ಜನ ಕೈಕುಂಟೆ ಹಿಡಿದು ಹುಲ್ಲು ಗುಡ್ಡೆ ಹಾಕುತ್ತಿದ್ದರು. ರೈಲು ನಿಲ್ದಾಣದಿಂದ ಎರಡು ಹರದಾರಿ ನಡೆದು, ಒಬ್ಬ ಸಣಕಲು ಹೆಂಗಸು ಹೊಲದ ಅಂಚಿಗೆ ಬಂದು ನಿಂತಳು. ಪಟ್ಟಣದ ತಲೆವಸ್ತ್ರ, ಮುಂದಿನ ಎರಡು ಹಲ್ಲು ಇಲ್ಲ, ಕೈಯಲ್ಲಿ ದಾರ ಕಟ್ಟಿದ ಪೊಟ್ಟಣ. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಸೈಮಿಯ ಮುಂದೆ ನಿಂತಳು.

“ಪುಟ್ಟೀ... ನಾನು ಕಣೇ. ಎಷ್ಟು ಎತ್ತರ ಆಗ್ಬಿಟ್ಟಿದೀಯ! ನೋಡು, ನಿಂಗೆ ಅಂತ ಒಂದು ಲಂಗ ಹೊಲ್ಕೊಂಡು ಬಂದೆ.” ಪೊಟ್ಟಣ ಬಿಚ್ಚಿದಳು. ನೀಲಿ ಚೌಕುಳಿಯ ಲಂಗ. ಎಂಟು ವರ್ಷದ ಹುಡುಗಿಗೆ ಆಗುವಂಥದು.

ಹದಿನಾಲ್ಕು ಕುಂಟೆಗಳೂ ನಿಂತವು. ನೆರೆಮನೆಯ ಕುಸ್ತಾ, ಇಪ್ಪತ್ತೈದರ ಹುಡುಗ, ಮಾತಿನಲ್ಲಿ ಮುಂದು. “ಯಾರವಾ ಸೈಮಿ ಈಕಿ? ನಿಮ್ಮ ಬಳಗದಾಕಿ ಏನ?” ಎಂದು ಕೇಳಿದ. ಅವನ ದನಿಯಲ್ಲಿ ಕೆಂಪಿ ಎಂಬ ಹಳೆಯ ಹೆಸರು ಎಲ್ಲೋ ಕದಲಿದಂತೆ ಸೈಮಿಗೆ ಕೇಳಿಸಿತು.

“ಯಾರೋ ಏನೋ. ನನಗೇನ್ ಗೊತ್ತು?” ಎಂದಳು. “ನಾ ರಾಸ್ಕು ಮನಿಯಾಕಿ.”

ಕುಸ್ತಾ ತೊಡೆ ತಟ್ಟಿದ. “ಭಲೆ! ಹಂಗ ಹೇಳು! ಇದು ನೋಡ್ರಿ ನಮ್ಮ ಬಯಲಿನ ಹೆಣ್ಣು!”

ಜನ ನಕ್ಕರು. ಸೈಮಿ ಮುಂದೆ ನಲವತ್ತು ವರ್ಷ ತನಗೆ ತಾನೇ ಸುಳ್ಳು ಹೇಳಿಕೊಳ್ಳಲಾಗದ ಸಂಗತಿಯೆಂದರೆ ಇದು: ಆ ಗಳಿಗೆಯಲ್ಲಿ ಅವಳಿಗೆ ನಾಚಿಕೆಯಾಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಹಿಗ್ಗಾಯಿತು. ಕುಸ್ತಾನ ಭಲೆ ಕಿವಿಗೆ ಜೇನಿನಂತೆ ಇಳಿಯಿತು.

ಹುಲ್ಡಾ ಲಂಗವನ್ನು ಮಡಚುತ್ತ, ಯಾರನ್ನೂ ನೋಡದೆ, “ಇರ್ಲಿ ಬಿಡಿ,” ಎಂದಳು. “ಬಿಸಿಲಲ್ವಾ. ಮಗೂಗೆ ಗುರುತು ಹತ್ಲಿಲ್ಲ ಅಷ್ಟೇ.”

ಸಾನ್ನಾ ಮನೆಯಿಂದ ಓಡಿಬಂದು ಅವಳ ಕೈಹಿಡಿದು ಒಳಗೆ ಕರೆದೊಯ್ದಳು. “ಬಾರವಾ ನೀನೂ. ಕಾಫಿ ಕುಡಿ ನಿಮ್ಮವ್ವನ ಜೋಡಿ,” ಎಂದು ಸೈಮಿಯನ್ನು ಕೂಗಿದಳು. ಸೈಮಿ ಕೇಳಿಸದವಳಂತೆ ಕುಂಟೆ ಎಳೆಯುತ್ತ ಹೊಲದ ಆಚೆಯ ತುದಿಗೆ ಹೋದಳು. ಗಂಟೆಯ ಮೇಲೆ ಹುಲ್ಡಾ ರಸ್ತೆಗಿಳಿದು, ಒಮ್ಮೆ ನಿಂತು, ಹೊರಟುಹೋದುದನ್ನು ಅಲ್ಲಿಂದಲೇ ನೋಡಿದಳು.

ಆಗ ಈಸಾಕ್ ಒಂದು ಕೆಲಸ ಮಾಡಿದ. ಒಣ ಹವೆಯ ದಿನ, ಹುಲ್ಲು ಅರ್ಧ ಬಿದ್ದಿರುವಾಗ, ಯಾವ ರೈತನೂ ಮಾಡದ ಕೆಲಸ. ಹುಲ್ಲಿನ ಬಂಡಿಯಿಂದ ಕುದುರೆ ಬಿಚ್ಚಿ, ಸಣ್ಣ ಗಾಡಿಗೆ ಹೂಡಿ, ಯಾರಿಗೂ ಹೇಳದೆ ಹುಲ್ಡಾಳ ಹಿಂದೆ ಹೊಡೆದುಕೊಂಡು ಹೋದ. ನಿಲ್ದಾಣಕ್ಕೆ ಮುಟ್ಟಿಸಿ ಸಂಜೆಗೆ ಬಂದ. ಬಂದವನು ಬಾವಿಯ ಬಳಿ ಸೈಮಿಯನ್ನು ಕಂಡು ನಿಂತ.

“ನಿಮ್ಮವ್ವ ದಾರಿಯಾಗ ಅಳಲಿಲ್ಲ,” ಎಂದ. “ಅತ್ತಿದ್ರ ಛಲೋ ಇತ್ತು.”

ಮಗನನ್ನು ಕಳೆದುಕೊಂಡ ಆ ಮನುಷ್ಯ ಕೆಂಪನ ವಿಧವೆಯನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಹೋದ. ಹೊಟ್ಟೆಯಲ್ಲಿ ಹುಟ್ಟಿದವಳು ಕುಂಟೆ ಹಿಡಿದು ನಿಂತಿದ್ದಳು. ನಾಚಿಕೆ ಅವಳ ಮನಸ್ಸಿಗೆ ಹೊಕ್ಕಿದ್ದು ಆ ಬಾವಿಯ ಬಳಿ.

ಆದರೆ ನಾಚಿಕೆ ಅವಳನ್ನು ತೆಂಕಣಕ್ಕೆ ಕರೆದೊಯ್ಯಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಬಡಗಣಕ್ಕೆ ಹೊಲಿಯಿತು. ರಾಸ್ಕು ಮನೆಯವರು ಅವಳನ್ನು ದತ್ತು ತೆಗೆದುಕೊಂಡರು. ಪಕ್ಕದೂರಿನ ಒಳ್ಳೆಯ ಗಂಡು ಮನೆ ಅಳಿಯನಾಗಿ ಬಂದ. ಪರದೇಶದೊಡನೆ ನಡೆದ ಮುಂದಿನ ಯುದ್ಧದಲ್ಲಿ ಕೆಂಪರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಕಂದಕದಲ್ಲಿ ಕೂತರು, ಹಳೆಯದೆಲ್ಲ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಸೈಮಿ ಮಾತ್ರ ಪ್ರತಿ ವಸಂತದಲ್ಲೂ ಸ್ಮಾರಕದೆದುರು ನಿಂತಳು. ಸೊಸೆಯಂದಿರು ಪಟ್ಟಣದ ಮಾತಾಡಿದರೆ ತಿದ್ದಿದಳು. “ನಾವು ಬಯಲಿನವ್ರು, ಬಾಗೂ ಮಂದಿ ಅಲ್ಲ” ಎಂಬ ಮಾತು ದಿನಕ್ಕೊಮ್ಮೆಯಾದರೂ ಅವಳ ಬಾಯಲ್ಲಿ ಬರುತ್ತಿತ್ತು. ಹುಟ್ಟಿನಿಂದ ಬಯಲಿನವರಾದವರಿಗೆ ಅಷ್ಟು ಸಲ ಅದನ್ನು ಹೇಳುವ ಅಗತ್ಯವಿರಲಿಲ್ಲ.

ಸಾನ್ನಾ ಸಾಯುವ ವಾರ ಅವಳನ್ನು ಹತ್ತಿರ ಕರೆದು, “ನಿಮ್ಮವ್ವಗ ಬರದಿ ಏನ?” ಎಂದು ಕೇಳಿದಳು.

“ಬರದೀನವಾ.”

“ಛಲೋ ಆತು,” ಎಂದು ಸಾನ್ನಾ ಕಣ್ಣು ಮುಚ್ಚಿದಳು. ಸೈಮಿ ಬರೆದಿರಲಿಲ್ಲ. ಬರೆಯಲೂ ಇಲ್ಲ.

ಸೈಮಿಗೆ ಐವತ್ತೊಂದಾದಾಗ ಹೋಲ್ಮಾ ಎಂಬ ವಿದ್ಯಾರ್ಥಿಯೊಬ್ಬ ಟೇಪ್ ರೆಕಾರ್ಡರ್ ಹೊತ್ತು ಊರಿಗೆ ಬಂದ. ಹಳೆಯ ಆಡುಮಾತುಗಳು ಅಳಿಯುವ ಮುಂಚೆ ಹಿಡಿದಿಡಲು ವಿಶ್ವವಿದ್ಯಾಲಯದವರು ಕಳಿಸಿದ್ದರು. ಈ ಬಯಲಿನ ಶುದ್ಧ ಮಾತು ಯಾರ ಬಾಯಲ್ಲಿದೆ ಎಂದು ಕೇಳಿದರೆ ಅಂಗಡಿಯವನು, ಪಾದ್ರಿ, ಶಾಲೆಯ ಮೇಷ್ಟ್ರು, ಮೂವರೂ ರಾಸ್ಕು ಮನೆಯ ಕಡೆ ಬೆರಳು ತೋರಿಸಿದರು. ಕುಸ್ತಾನೇ ಅವನನ್ನು ಕರೆತಂದ. ಅವನೀಗ ಅರವತ್ತು ದಾಟಿದ ಮುದುಕ.

ಸೈಮಿ ಎರಡು ತಾಸು ಮಾತಾಡಿದಳು. ರೊಟ್ಟಿ ಸುಡುವುದು, ಹಸುವಿನ ಹಾಲು ಬತ್ತಿದಾಗ ಏನು ಮಾಡುವುದು, ನದಿ ಉಕ್ಕಿದ ವರ್ಷ ಹಂದಿಗಳನ್ನು ಅಟ್ಟಕ್ಕೆ ಹತ್ತಿಸಿದ್ದು. ಹುಡುಗನ ಕಣ್ಣು ಹೊಳೆಯುತ್ತಿದ್ದವು. ಸೊಸೆ ರಿಟ್ವಾ ಕಾಫಿ ಬಗ್ಗಿಸುತ್ತಿದ್ದಳು. ಕೊನೆಗೆ ಅವನು ಒಂದು ಚೀಟಿ ತೆಗೆದ.

“ಇದೊಂದು ತುಂಬಬೇಕು ನೋಡಿ. ತಮ್ಮ ಹೆಸರು ಬರ್ಕೊಂಡೆ. ತಾವು ಹುಟ್ಟಿದ್ದು ಯಾವ ಊರಲ್ಲಿ?”

ಟೇಪು ಇನ್ನೂ ತಿರುಗುತ್ತಿತ್ತು.

“ಇಲ್ಲೇ,” ಎಂದಳು ಸೈಮಿ. “ಇದ ಮನಿಯಾಗ.”

ಹುಡುಗ ಬರೆದುಕೊಂಡ. ಕುಸ್ತಾ ತನ್ನ ಲೋಟದೊಳಗೆ ನೋಡತೊಡಗಿದ. ಕಾಫಿ ಮುಗಿದಿತ್ತು, ಆದರೂ ನೋಡುತ್ತಲೇ ಇದ್ದ. ಒಂದು ಕಾಲದಲ್ಲಿ ತೊಡೆ ತಟ್ಟಿದ ಮನುಷ್ಯ ಈಗ ಅವಳಿಗಾಗಿ ತಲೆ ತಗ್ಗಿಸುತ್ತಿದ್ದ. ಅದನ್ನು ಸಹಿಸುವುದು ಸೈಮಿಗೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ಕರೆದವಳೇ ಸೈಕಲ್ಲು ಹತ್ತಿ, ಹುಡುಗ ಇಳಿದುಕೊಂಡಿದ್ದ ಶಾಲೆಗೆ ಹೋದಳು.

“ನಿನ್ನೆ ನಾ ಹೇಳಿದ್ದು ಸುಳ್ಳು. ಬರ್ಕೋ. ಹುಟ್ಟಿದ್ದು ತಾಂಪೆರೆ. ಅಪ್ಪ ಕೆಂಪರವ. ಏಳು ವರ್ಷದಾಕಿ ಇದ್ದಾಗ ಇಲ್ಲಿಗೆ ಬಂದೆ.”

ಹುಡುಗ ಚೀಟಿಯಲ್ಲಿ ತಿದ್ದಿಕೊಂಡ. ಆಮೇಲೆ, “ತಮ್ಮ ದನಿ ಕೇಳ್ತೀರಾ?” ಎಂದು ಯಂತ್ರ ಹಚ್ಚಿದ. ಸೈಮಿ ತನ್ನ ದನಿ ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅದು ಸಾನ್ನಾಳ ದನಿ. ಉಸಿರು ತೆಗೆದುಕೊಳ್ಳುವ ರೀತಿ ಕೂಡ ಸಾನ್ನಾಳದು.

“ತಮ್ಮ ತಾಯಿ ಮಾತಾಡ್ತಿದ್ದ ರೀತಿ ನೆನಪಿದ್ರೆ ಒಂದೆರಡು ಮಾತು ಹೇಳ್ತೀರಾ?” ಎಂದ ಹುಡುಗ. ಅವನಿಗೆ ಅದು ಬರೀ ವಿದ್ಯೆಯ ಪ್ರಶ್ನೆ.

ಸೈಮಿ ಬಾಯಿ ತೆರೆದಳು. ಪುಟ್ಟೀ ಎಂದಳು. ಅದೂ ಬಯಲಿನ ಎಳೆತದಲ್ಲೇ ಬಂತು. ಇನ್ನೊಮ್ಮೆ ಹೇಳಿದಳು. ಮತ್ತೊಮ್ಮೆ. ಹುಡುಗ ಯಂತ್ರ ನಿಲ್ಲಿಸಿದ.

ತಾಂಪೆರೆಯ ಚರ್ಚಿನ ಕಚೇರಿಗೆ ಕಾಗದ ಬರೆದು ಮನೆಯವರ ವಿಳಾಸ ತರಿಸಿಕೊಂಡಳು. ಹುಲ್ಡಾ ಸತ್ತು ಏಳು ವರ್ಷವಾಗಿತ್ತು. ಆರ್ಮಸ್ ಅವಳು ಹುಟ್ಟಿದ ಅದೇ ಗಿರಣಿ ಬೀದಿಯಲ್ಲಿದ್ದ, ರೈಲ್ವೆ ಕಾರ್ಖಾನೆಯಲ್ಲಿ ಕೆಲಸ. ಸೆಪ್ಟೆಂಬರಿನಲ್ಲಿ ಸೈಮಿ ಒಬ್ಬಳೇ ಹೋಗಿ ಬಾಗಿಲು ತಟ್ಟಿದಳು.

“ನಾ ಸೈಮಿ,” ಎಂದಳು. “ನಿಮ್ಮ ಅಕ್ಕ.”

ಬಾಗಿಲು ತೆರೆದವನ ಮುಖ ಆ ಮಾತಿನ ಅರ್ಥಕ್ಕೂ ಮುಂಚೆ ಅದರ ಧಾಟಿಗೆ ಬಿಗಿಯಿತು. “ಒಳಗೆ ಬನ್ನಿ,” ಎಂದ. ಕುರ್ಚಿ ತೋರಿಸಿದ. ಕಾಫಿ ಮಾಡಿದ. ಲೋಟ ಅವಳ ಮುಂದಿಟ್ಟು, “ತಪ್ಪು ತಿಳ್ಕೋಬೇಡಿ,” ಎಂದ. “ಈ ಮಾತು ಈ ಬೀದೀಲಿ ಕೇಳಿದ್ರೆ ಮೈ ಉರಿಯತ್ತೆ ನಮಗೆ. ಅಪ್ಪನ್ನ ಹಿಡ್ಕೊಂಡು ಹೋದೋರು ಮಾತಾಡಿದ್ದು ಇದೇ ಮಾತು ಅಂತ ಅಮ್ಮ ಹೇಳ್ತಿದ್ಲು.”

“ನನ್ನ ವಿಷಯ ಏನ್ ಹೇಳ್ತಿದ್ಲು?”

“ನಿಮ್ಮ ವಿಷಯಾನಾ? ಒಂದ್ಸಲ ನೋಡೋಕೆ ಬಂದಿದ್ಲಲ್ಲ. ವಾಪಸ್ ಬಂದು, ‘ಮಗು ದುಂಡಗೆ ಇದಾಳೆ, ಒಳ್ಳೆ ಬೂಟ್ ಹಾಕಿದಾಳೆ, ಕೈ ಹಿಡ್ಕೊಂಡು ಬಿಡ್ಲೇ ಇಲ್ಲ’ ಅಂದ್ಲು. ಆ ಕಥೆ ಹೇಳಿ ಹೇಳಿ ನನ್ನ ತಲೆ ತಿಂದ್ಲು. ನಂಗೆ ನಿಮ್ಮ ಮೇಲೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ? ನೀವು ರೊಟ್ಟಿ ತಿಂತಿದ್ರಿ. ನಾನು ಇಲ್ಲಿದ್ದೆ.”

ಸೈಮಿ ಅಲ್ಲಿಗೇ ಸುಮ್ಮನಾಗಬಹುದಿತ್ತು. ಹುಲ್ಡಾ ಹೆಣೆದಿಟ್ಟ ಸುಳ್ಳು ಬೆಚ್ಚಗಿತ್ತು, ಹೊದ್ದುಕೊಂಡು ಮನೆಗೆ ಹೋಗಬಹುದಿತ್ತು. ಒಂದು ಕ್ಷಣ ಹಾಗೆ ಮಾಡಲೂ ಹೊರಟಳು. ಆಮೇಲೆ ಹೇಳಿದಳು. ಹೊಲ, ಲಂಗ, ಕುಸ್ತಾ ಕೇಳಿದ್ದು, ತಾನು ಅಂದದ್ದು, ಜನ ನಕ್ಕಿದ್ದು. ತನಗೆ ಹಿಗ್ಗಾದದ್ದನ್ನೂ ಬಿಡಲಿಲ್ಲ.

ಆರ್ಮಸ್ ಎದ್ದು ಎರಡು ಲೋಟ ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ.

“ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ?”

“ಹೌದು.”

“ಹೇಳ್ಬಾರ್ದಿತ್ತು. ಅವಳು ಮೂವತ್ತು ವರ್ಷ... ಇರ್ಲಿ ಬಿಡಿ.” ಗಡಿಯಾರ ನೋಡಿದ. “ನಾಲ್ಕು ಗಂಟೆಗೆ ಒಂದು ರೈಲಿದೆ ನಿಮ್ಮ ಕಡೆಗೆ.”

‘ಇರ್ಲಿ ಬಿಡಿ’ ಎಂದಾಗ ಅವನ ದನಿ ಥೇಟು ತಾಯಿಯದು. ಅದನ್ನು ಅವನಿಗೆ ಹೇಳುವ ಧೈರ್ಯ ಸೈಮಿಗಾಗಲಿಲ್ಲ.

ಊರಿಗೆ ಬಂದವಳು ಒಂದು ವಾರ ಬಿಟ್ಟು, ಆಲೂಗಡ್ಡೆ ಸುಲಿಯುತ್ತ ಕೂತಿದ್ದಾಗ ರಿಟ್ವಾಳಿಗೂ ಎಲ್ಲವನ್ನೂ ಹೇಳಿದಳು. ಸೊಸೆ ಚಾಕು ಕೆಳಗಿಡಲಿಲ್ಲ.

“ಅತ್ತಿ, ನನಗ ಗೊತ್ತಿತ್ರಿ,” ಎಂದಳು. “ನಾ ಲಗ್ನಾಗಿ ಬಂದ ವರ್ಷನ ಕುಸ್ತಾ ಮಾವ ಹೇಳಿದ್ರು. ‘ಆಕಿ ಮುಂದ ಎಂದೂ ಈ ಮಾತು ತೆಗೀಬ್ಯಾಡ, ಆಕಿಗೆ ಭಾಳ ನೋವೈತಿ’ ಅಂದ್ರು. ಊರಿಗೆಲ್ಲಾ ಗೊತ್ತದ.”

“ನನ್ನ ಮಗಗ?”

“ಅವ್ರಿಗೂ.”

ಸೈಮಿ ಸಿಪ್ಪೆಯ ಬುಟ್ಟಿಯನ್ನು ನೋಡುತ್ತ ಕೂತಳು. ಊರು ಮರೆತಿದೆ ಎಂದುಕೊಂಡದ್ದನ್ನು ಇಡೀ ಊರು ನೆನಪಿಟ್ಟುಕೊಂಡಿತ್ತು. ನೆನಪಿಟ್ಟುಕೊಂಡೂ ಮುಖ ತಿರುಗಿಸಿ, ಅವಳು ಬಯಲಿನ ಹೆಮ್ಮೆಯ ಬಗ್ಗೆ ಮಾತಾಡುವಾಗಲೆಲ್ಲ ತಲೆಯಾಡಿಸಿತ್ತು. ಸ್ಮಾರಕದ ಮುಂದೆ ಅವಳು ಪದ್ಯ ಓದುವಾಗ ಮುಂದಿನ ಸಾಲಿನಲ್ಲಿ ನಿಂತ ಪ್ರತಿಯೊಬ್ಬ ಮುದುಕನಿಗೂ ಅವಳ ಅಪ್ಪ ಯಾರೆಂದು ಗೊತ್ತಿತ್ತು. ಅವರು ಅಣಕಿಸಿದ್ದರೆ ಇಷ್ಟು ಸುಡುತ್ತಿರಲಿಲ್ಲ.

ಮುಂದಿನ ಮೇ ತಿಂಗಳು ಮೇಷ್ಟ್ರು ಎಂದಿನಂತೆ ಕೇಳಲು ಬಂದಾಗ, “ಈ ವರ್ಷ ನನ್ನಿಂದ ಆಗೂದಿಲ್ರಿ,” ಎಂದಳು. ಕಾರಣ ಅವನೂ ಕೇಳಲಿಲ್ಲ. ಅಪ್ಪನನ್ನು ಹೂತ ಜಾಗ ಎಲ್ಲಿ ಎಂದು ಆರ್ಮಸ್‌ಗೆ ಬರೆದಳು. ಉತ್ತರದಲ್ಲಿ ಒಂದಕ್ಷರ ಇರಲಿಲ್ಲ. ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದ ನಕ್ಷೆ ಮಾತ್ರ, ಬಸ್ಸಿನ ಸಂಖ್ಯೆ, ಎಲ್ಲಿ ಎಡಕ್ಕೆ ತಿರುಗಬೇಕು ಎಂಬ ಗುರುತು. ಅಚ್ಚುಕಟ್ಟಾದ ನಕ್ಷೆ.

ತಾಂಪೆರೆಯ ಹೊರಗೆ, ಪೈನ್ ಮರಗಳ ನಡುವೆ, ಸೆರೆಯಲ್ಲಿ ಸತ್ತವರನ್ನೆಲ್ಲ ಒಟ್ಟಿಗೆ ಹೂತ ಉದ್ದನೆಯ ಹುಲ್ಲಿನ ತಗ್ಗು. ಒಂದೇ ಕಲ್ಲು, ಹೆಸರುಗಳಿಲ್ಲ. ಸೈಮಿ ತಲೆವಸ್ತ್ರ ಬಿಚ್ಚಿ ನಿಂತಳು.

“ಅಪ್ಪಾ, ನಾ ಸೈಮಿ,” ಎಂದಳು. “ಇರೂದು ಇದೊಂದ ಭಾಷಾ ನೋಡು ನನಗ.”

ನಾಯಿ ಹಿಡಿದುಕೊಂಡು ಆ ದಾರಿಯಲ್ಲಿ ಬಂದ ಒಬ್ಬ ಮುದುಕಿ ಅದನ್ನು ಕೇಳಿಸಿಕೊಂಡು ನಿಂತಳು.

“ನೀವು ಪೊಹ್ಯಾನ್ಮಾದೋರಾ?”

“ಹೌದ್ರಿ,” ಎಂದಳು ಸೈಮಿ. ಆಮೇಲೆ, “ಹುಟ್ಟಿದ್ದು ಇಲ್ಲೇರಿ. ಗಿರಣಿ ಬೀದಿಯಾಗ.”

ಮುದುಕಿ ಅವಳನ್ನೂ ಕಲ್ಲನ್ನೂ ಒಮ್ಮೆ ನೋಡಿದಳು. ನಾಯಿಯ ಹಗ್ಗ ಎಳೆದುಕೊಂಡು ಮುಂದೆ ಹೋದಳು. ಅದು ತಿರಸ್ಕಾರವೋ, ಒಬ್ಬಳನ್ನೇ ಬಿಡೋಣ ಎಂಬ ಮರ್ಯಾದೆಯೋ ಸೈಮಿಗೆ ತಿಳಿಯಲಿಲ್ಲ. ಮಧ್ಯಾಹ್ನದ ಬಸ್ಸು ಬರುವವರೆಗೆ ಅಲ್ಲೇ ನಿಂತಿದ್ದಳು.